ಹದಿನೇಳು ಚಹಾ

"ದೊಡ್ಡಪ್ಪಯ್ಯ, ಹನ್ನೆರಡ್ ಪುಟದ್ ಕಥಿ ಒಳ್ಗೆ ಹದಿನೇಳ್ ಚಾ ಇತ್ತ್," ಎಂದಳು ಸೌಮ್ಯಶ್ರೀ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಶೀನ ಶೆಟ್ಟರಿಗೆ ಇದು ತಪ್ಪೆಂದು ಅನಿಸಲಿಲ್ಲ. ಮುಂಬೈಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ ಸಾಸ್ತಾನಕ್ಕೆ ಮರಳಿದ ಮನುಷ್ಯ. ಒಲೆ ಹಚ್ಚಲು ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದ ಅಭ್ಯಾಸ ಬಿಡಲಾಗದೆ, ಈಗ ಅದೇ ಹೊತ್ತಿಗೆ ಎದ್ದು ದಿನಕ್ಕೊಂದು ಪುಟ ಬರೆಯುತ್ತಿದ್ದರು. ಶಿಸ್ತಿನ ಮಾತಿಗೆ ಬಂದರೆ ಹೆಸರಿಡುವಂತಿಲ್ಲ. ಆದರೆ ಅವರ ಕಥೆಯೊಳಗೆ ಕಾಲಿಟ್ಟವರು ಯಾರೂ ಚಹಾ ಕುಡಿಯದೆ ಬಾಯಿ ಬಿಡುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಕುಡಿದ, ಪೊಲೀಸಿನವನು ಕುಡಿದ, ಮದುವೆ ಮುರಿಯಲು ಬಂದವನಿಗಂತೂ ಜೊತೆಗೆ ಗೋಳಿಬಜೆಯೂ ಸಿಕ್ಕಿತು.

"ಬಂದವ್ರ್ ಎದ್ರ್ ಎಂತದೂ ಇಡ್ದೆ ಮಾತಾಡ್ಸುದ್ ಹ್ಯಾಂಗೆ?"

"ಹೋಟ್ಲೊಳ್ಗೆ ಚಾ ಕೊಟ್ರೆ ಗಿರಾಕಿ ಕೂಕಂತ. ಕಥಿ ಒಳ್ಗೆ ಕೊಟ್ರೆ ಓದುವಂವ ಎದ್ದ್ ಹೋತ."

ಕುಂದಾಪುರದ ಮಾಸಪತ್ರಿಕೆಯೊಂದರ ಸಂಪಾದಕರು ಕಥೆಯನ್ನು ಮೆಚ್ಚಿದ್ದರು, ಆದರೆ ಎಂಟು ಪುಟಕ್ಕೆ ಇಳಿಸಿ ಇವತ್ತು ಸಂಜೆ ಐದರೊಳಗೆ ಕಳಿಸಬೇಕೆಂದಿದ್ದರು. ತಪ್ಪಿದರೆ ದೀಪಾವಳಿ ಸಂಚಿಕೆಯ ಆ ಜಾಗ ಬೇರೆಯವರಿಗೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ತಮ್ಮ ಹೆಸರು ಅಚ್ಚಾಗುತ್ತದೆಂದು ಶೆಟ್ಟರು ಆಗಲೇ ಬೀಗರಿಗೆಲ್ಲ ಫೋನು ಮಾಡಿ ಹೇಳಿಯಾಗಿತ್ತು.

ತಮ್ಮನ ಮಗಳು ಒಂದೊಂದೇ ಚಹಾ ತೆಗೆಯುತ್ತ ಹೋದಳು. ಒಂದು ಚಹಾ ಹೋದರೆ ಅದರ ಸಕ್ಕರೆ, ಸಾಸರು, ಹಬೆ, ಕುಡಿದವನ ಉಪಚಾರದ ಮಾತು, ಎಲ್ಲ ಸೇರಿ ಐದಾರು ಸಾಲು ಹೋಗುತ್ತಿತ್ತು. ಹದಿನಾರು ತೆಗೆದಾಗ ಎಂಟೂವರೆ ಪುಟ ಉಳಿಯಿತು. ಹದಿನೇಳನೆಯದು ಊರಿನ ಬಸ್ಸಿಳಿದು ಹೋಟೆಲಿಗೆ ಬಂದ, ಭೋಜ ಎಂಬ ತಮ್ಮನದು. ಅಣ್ಣ ಗಲ್ಲಾ ಬಿಟ್ಟು ಎದ್ದು ಬಂದು, ಅವನನ್ನು ಫ್ಯಾನಿನ ಕೆಳಗೆ ಕೂರಿಸಿ, ತನ್ನ ಕೈಯಾರೆ ಚಹಾ ತಂದುಕೊಡುವ ಅರ್ಧ ಪುಟ.

"ಇದನ್ನ್ ತೆಗುದ್ರೆ ಸಮ ಎಂಟ್ ಪುಟ ಆತ್ತ್."

"ಅದ್ ಇರ್ಲಿ."

"ಎಂತಕೆ? ಭೋಜ ಅಂದ್ರೆ ನಮ್ಮ್ ಅಪ್ಪಯ್ಯ ಅಲ್ದಾ?"

ಶೆಟ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಬಾಕಿ ಹದಿನಾರ್ ಚಾ ನಾನ್ ಕೊಟ್ಟದ್ದೇ ಮಗಾ. ಅದೊಂದ್ ಕೊಡ್ಲಿಲ್ಲೆ."

ಕಥೆಯಲ್ಲಿ ಭೋಜನಾದ ತಮ್ಮ ಗಣಪ ಆ ದಿನ ಕೆಲಸ ಕೇಳಿಕೊಂಡು ಮುಂಬೈಯ ಹೋಟೆಲಿಗೆ ಬಂದಿದ್ದ. ಮಧ್ಯಾಹ್ನದ ಊಟದ ಗಡಿಬಿಡಿ. ಆಮೇಲೆ ಮಾತಾಡುವ ಎಂದ ಶೆಟ್ಟರು ಅವನನ್ನು ಮರೆತೇಬಿಟ್ಟರು. ಕೈ ತೊಳೆಯುವ ಬೇಸಿನ್ನಿನ ಪಕ್ಕ ನಾಲ್ಕು ಗಂಟೆ ನಿಂತವನು ಸಂಜೆಯ ಬಸ್ಸಿಗೆ ವಾಪಸ್ಸು ಹೋದ. ಆಮೇಲಿನ ಮೂವತ್ತು ವರ್ಷದಲ್ಲಿ ಅಣ್ಣ ತಮ್ಮ ಎಷ್ಟೋ ಸಲ ಎದುರಾದರು, ಮಾತಾಡಿದರು. ಆ ಮಧ್ಯಾಹ್ನದ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ.

ಸೌಮ್ಯಶ್ರೀಗೆ ಸಿಟ್ಟು ಬಂತು. ಅಪ್ಪ ಮನೆಯಲ್ಲಿ ಒಮ್ಮೆಯೂ ಇದನ್ನು ಹೇಳಿರಲಿಲ್ಲ. ಅವಳು ಲ್ಯಾಪ್‌ಟಾಪನ್ನು ದೊಡ್ಡಪ್ಪನ ಕಡೆ ತಿರುಗಿಸಿದಳು. "ಹಾಂಗಾರೆ ನೀವೇ ತೆಗುದ್ ಹಾಕಿ."

ಶೆಟ್ಟರು ತೋರುಬೆರಳಲ್ಲಿ ಒಂದೊಂದೇ ಅಕ್ಷರ ಅಳಿಸಿದರು. ಅರ್ಧ ಪುಟಕ್ಕೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ಬರೆದುಕೋ ಎಂದರು: 'ಆ ಹೊತ್ತು ಗಿರಾಕಿಗಳು ಬಹಳ ಇದ್ದರು, ತಮ್ಮನಿಗೆ ಚಹಾ ಕೊಡಲಿಲ್ಲ.' ಅವಳು ಓದಿ ಹೇಳಿದಳು.

"ಗಿರಾಕಿ ಮಾತ್ ತೆಗಿ," ಎಂದರು ಶೆಟ್ಟರು.

ಗಂಟೆ ನಾಲ್ಕೂ ಮುಕ್ಕಾಲು. "ಕಳ್ಸ್ಲಾ?" ಎಂದು ಕೇಳಿದಳು.

"ಬ್ಯಾಡ. ಮೊದ್ಲ್ ಗಣಪ ಓದ್ಲಿ."

"ಹೆಮ್ಮಾಡಿಗೆ ಅಪ್ಪಯ್ಯನ ಹತ್ರ ಹೋಪತಿಗೆ ಐದೂವರೆ ಆತ್ತ್ ದೊಡ್ಡಪ್ಪಯ್ಯ. ಮತ್ತೆ ಈ ಸಂಚಿಕೆಗೆ ಸಿಕ್ಕುದಿಲ್ಲೆ."

"ಗೊತ್ತಿತ್ತ್." ಶೆಟ್ಟರು ಕಾರಿನ ಕೀಲಿ ತೆಗೆದುಕೊಂಡು ಎದ್ದರು. "ಹೋಪ, ಬಾ. ಅಂವ ಚಾ ಕೊಟ್ರೆ ಕುಡಿವ. ಕೊಡ್ದಿದ್ರೂ ಅಡ್ಡಿಲ್ಲೆ."