ಪರದೆಯ ಸಾಕ್ಷಿ

ತಂಗಿ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ವೈದ್ಯನಾದ ಅಣ್ಣ ಅವಳ ಮುಖವನ್ನು ಬಿಟ್ಟು ಮಂಚದ ಪಕ್ಕದ ಮಾನಿಟರನ್ನು ನೋಡುತ್ತಿದ್ದನು. ನಾಡಿ ಶಾಂತ. ರಕ್ತದೊತ್ತಡ ನೂರಿಪ್ಪತ್ತು, ಎಂಬತ್ತು.

"ಭಾವ, ಬೆಳಗಿನಿಂದ ಹೀಗೇ ಒದ್ದಾಡ್ತಿದ್ದಾಳೆ. ಒಂದು ಸ್ಕ್ಯಾನ್ ಆದ್ರೂ ಮಾಡಿಸಿ," ಎಂದು ಅವಳ ಗಂಡ ಅಂಗಲಾಚಿದನು.

ಅಣ್ಣ ನಕ್ಕನು. ನೋವಿಗೂ ಹೃದಯಕ್ಕೂ ಇರುವ ಸಂಬಂಧ ಅವನ ಜೀವಮಾನದ ವ್ಯಾಸಂಗ. ಆ ವಿಷಯದಲ್ಲಿ ಅವನಿಗೆ ಎದುರಾಡುವವರು ಆ ಆಸ್ಪತ್ರೆಯಲ್ಲಿರಲಿಲ್ಲ. "ನೋಡಿ, ಮಿದುಳಿನ ಬುಡದಲ್ಲಿ ಸಾಸಿವೆಯಷ್ಟು ನರಕೋಶಗಳ ಗುಂಪಿದೆ. ನೋವಿನ ಸುದ್ದಿ ಬಂತೋ, ಅಲ್ಲಿ ರಾಸಾಯನಿಕ ಸುರಿಯುತ್ತೆ, ಗುಂಪು ಕೆರಳುತ್ತೆ, ಎದೆ ಓಡುತ್ತೆ, ಬಿಪಿ ಏರುತ್ತೆ. ಬಾಯಿ ನಾಟಕ ಆಡಬಹುದು. ಆ ಗುಂಪಿಗೆ ನಾಟಕ ಬರಲ್ಲ." ಆಮೇಲೆ ತಂಗಿಯತ್ತ ತಿರುಗಿದನು. "ಅಮ್ಮನ್ನ ನಾಳೆಯಿಂದ ನೀನು ಇಟ್ಕೋ ಅಂದಿದ್ದಕ್ಕೇ ಬಂತಲ್ಲೇ ಈ ನೋವು! ಚಿಕ್ಕವಳಿದ್ದಾಗ ಪರೀಕ್ಷೆ ದಿನ ಬರ್ತಿತ್ತು, ಈಗ ಅಮ್ಮ ಬರೋ ದಿನ."

"ದೇವರಾಣೆ, ಅಣ್ಣಾ... ತಡಿಯಕ್ಕಾಗ್ತಿಲ್ಲ."

"ಬಿಪಿ ಮಾತ್ರೆ ಸರಿಯಾಗಿ ನುಂಗ್ತಿದ್ದೀಯಾ?"

"ನಿನ್ನ ಹಾಗೇ. ಒಂದು ದಿನಾನೂ ಬಿಟ್ಟಿಲ್ಲ."

"ಜಾಣೆ," ಎಂದು ಅವಳ ತಲೆ ನೇವರಿಸಿ ಹೊರಟುಹೋದನು. ಅವನ ಶಾಸ್ತ್ರದಲ್ಲಿ ಪರದೆಯ ಅಂಕಿಯೇ ಪ್ರತ್ಯಕ್ಷ ಪ್ರಮಾಣ. ಒಡಹುಟ್ಟಿದವಳ ನರಳಿಕೆ ಬರಿಯ ಸದ್ದು.

ಸಂಜೆಯ ಹೊತ್ತಿಗೆ ಅದೇ ಪರದೆಯ ಅಂಕಿಗಳು ಪಾತಾಳಕ್ಕಿಳಿದವು. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದ ಸರ್ಜನ್ ತಲೆ ತಗ್ಗಿಸಿ ನಿಂತನು. "ಕರುಳು ತೂತಾಗಿ ಬಹಳ ಹೊತ್ತಾಗಿತ್ತು, ಸರ್. ಹೋಗಿಬಿಟ್ರು. ಅಷ್ಟು ನೋವಿಗೂ ಬಿಪಿ ಏರಲೇ ಇಲ್ಲ ಅಂದ್ರೆ... ಯಾವುದಾದರೂ ಮಾತ್ರೆ ತಗೋತಿದ್ರಾ?"

ಅಣ್ಣನಿಗೆ ತಂಗಿಯ ಬಿಪಿ ಮಾತ್ರೆ ನೆನಪಾಯಿತು. ಮಿದುಳಿನ ಬುಡದ ಆ ಗುಂಪಿಗೇ ಜೋಗುಳ ಹಾಡಿ ಮಲಗಿಸುವ ಮಾತ್ರೆ ಅದು. ವಂಶದಿಂದ ಬಂದ ರಕ್ತದೊತ್ತಡಕ್ಕೆಂದು ಅವನೇ ಆರಿಸಿ, ಮೊದಲು ತಾನು ನುಂಗಿ ನೋಡಿ, ಅನಂತರ ಅಕ್ಕರೆಯಿಂದ ತಂಗಿಗೂ ಬರೆದುಕೊಟ್ಟದ್ದು. ಇಂದು ಬೆಳಿಗ್ಗೆಯೂ ಇಬ್ಬರೂ ತಮ್ಮ ತಮ್ಮ ಮನೆಗಳಲ್ಲಿ ಅದನ್ನೇ ನುಂಗಿದ್ದರು.

ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟನು. ನರ್ಸ್ ಓಡಿಬಂದು ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿದಳು. ತಂಗಿಯ ಗಂಡ ನಿಧಾನವಾಗಿ ಹತ್ತಿರ ಬಂದನು. ಭಾವನ ಮುಖವನ್ನು ನೋಡದೆ, ಯಂತ್ರದ ಅಂಕಿಗಳನ್ನೇ ನೋಡಿದನು. ನೂರಿಪ್ಪತ್ತು, ಎಂಬತ್ತು.

"ಬಿಡಿ ಸಿಸ್ಟರ್," ಎಂದನು. "ಭಾವನಿಗೆ ಏನೂ ನೋವಾಗಿಲ್ಲ."