ಹೇಳಿಕೊಟ್ಟವಳು

“ಬಾಗಿಲು ಹಾಕು,” ಅಂದರು ಮ್ಯಾನೇಜರ್. “ಕೂತ್ಕೊಳ್ಳೋದೇನೂ ಬೇಡ, ನಿಂತೇ ಹೇಳು. ನಮ್ಮ ಕ್ಯಾಪ್ಟನ್‌ನ ನಿಮ್ಮ ಧರ್ಮಕ್ಕೆ ಎಳ್ಕೊಳ್ತಿದ್ದೀಯಾ?”

ಗೋಡೆ ಬಾಗಿಲು ಹಾಕಿ ಬಂದು ನಿಂತಳು. ಗೋಡೆ ಅಂದರೆ ಆ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಅವಳನ್ನು ದಾಟಿ ಚೆಂಡು ಬಲೆ ಸೇರುವುದು ಅಪರೂಪವಾದ್ದರಿಂದ ಜೊತೆಯವರು ಇಟ್ಟ ಹೆಸರು. ಬೈಯುವಾಗ ಮಾತ್ರ ಅವಳ ಧರ್ಮವನ್ನೇ ಎತ್ತಿ ಬೈಯುತ್ತಿದ್ದರು.

ಮೇಜಿನ ಆಚೆ ಮ್ಯಾನೇಜರ್, ಪಕ್ಕದಲ್ಲಿ ಫಿಸಿಯೋ, ಅವಳ ಪಕ್ಕ ಕ್ಯಾಪ್ಟನ್. ಕ್ಯಾಪ್ಟನ್ ತನ್ನ ಮೊಣಕಾಲಿಗೆ ಸುತ್ತಿದ ಪಟ್ಟಿಯನ್ನೇ ನೋಡುತ್ತಿದ್ದಳು.

“ನಾನೇ ಕಣ್ಣಾರೆ ಕಂಡೆ ಸಾರ್,” ಅಂದಳು ಫಿಸಿಯೋ. “ಪಟ್ಟಿ ಬದಲಾಯಿಸೋಣ ಅಂತ ಬೆಳಗ್ಗೆ ಕ್ಯಾಪ್ಟನ್‌ನ ಹುಡುಕ್ತಾ ಹೋದೆ. ಇವಳ ರೂಮಲ್ಲಿ ಇಬ್ಬರೂ ಕಣ್ಣು ಮುಚ್ಚಿ ಕೂತಿದ್ರು. ಇವಳು ಹೇಳಿಕೊಡ್ತಿದ್ಳು, ಕ್ಯಾಪ್ಟನ್ ಹೇಳ್ತಿದ್ಳು.”

ಅದು ನಿಜವೇ.

ಪ್ರತಿ ಪಂದ್ಯಕ್ಕೂ ಮುಂಚೆ ತಂಡವೆಲ್ಲ ಸುತ್ತ ನಿಂತು ಪ್ರಾರ್ಥಿಸುತ್ತಿತ್ತು. ಹೇಳಿಸುವವಳು ಕ್ಯಾಪ್ಟನ್. ಅದು ಗೋಡೆಯ ದೇವರಲ್ಲ. ಅವಳು ಕೈ ಹಿಡಿದು ನಿಲ್ಲುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಆ ಮುಚ್ಚಿದ ಬಾಯಿ ಎಲ್ಲರ ಕಣ್ಣು ಕುಕ್ಕುತ್ತಿತ್ತು. ಬೇರೆ ಯಾರಾದರೂ ಗೋಲು ಬಿಟ್ಟರೆ ಅದು ತಪ್ಪು. ಇವಳು ಬಿಟ್ಟರೆ ದ್ರೋಹ. ಒಮ್ಮೆ ಸೋತು ಬಂದಾಗ ಅವಳ ಗ್ಲೌಸು ಶೌಚಾಲಯದ ಬಕೆಟ್ಟಿನಲ್ಲಿ ಸಿಕ್ಕಿತು. ಹಿಂಡಿ ಒಣಗಲು ಹಾಕುತ್ತಿದ್ದವಳ ಹಿಂದೆ ಬಂದು ನಿಂತವಳು ಕ್ಯಾಪ್ಟನ್.

“ಅವರ ಜೊತೆ ಎರಡು ಸಾಲು ಹೇಳಿಬಿಡೋಕೆ ನಿನಗೇನು ರೋಗ? ನಾಲಿಗೆ ಸವೆದು ಹೋಗುತ್ತಾ?”

ಅದೇ ಕ್ಯಾಪ್ಟನ್ ಕೆಲವು ತಿಂಗಳ ನಂತರ, ಒಂದು ಮುಂಜಾನೆ ಬಾಗಿಲು ತಟ್ಟಿದ್ದಳು. “ನೀವು ಹೇಳ್ತೀರಲ್ಲ, ಆ ದೊಡ್ಡ ಪ್ರಾರ್ಥನೆ. ಅದನ್ನ ನನಗೆ ಹೇಳಿಕೊಡು.”

ಇದೇನೋ ಬಲೆ ಅನ್ನಿಸಿತು ಗೋಡೆಗೆ. “ಯಾಕೆ?”

“ಹೇಳಿಕೊಡ್ತೀಯೋ ಇಲ್ವೋ?”

ಪೆನಾಲ್ಟಿ ಒದೆಯುವಾಗಲೂ ಅಲುಗದ ಆ ಹುಡುಗಿ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದಳು. ಗೋಡೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಗೋಡೆ ಚಿಕ್ಕಂದಿನಲ್ಲಿ ತಿಂಗಳುಗಟ್ಟಲೆ ತಿಣುಕಿ ಕಲಿತದ್ದನ್ನು ಕ್ಯಾಪ್ಟನ್ ನೀರು ಕುಡಿದಷ್ಟು ಸಲೀಸಾಗಿ ಕಲಿತಳು. ಒಂದು ದಿನ ಕೆಮ್ಮು ಬಂದು ಗೋಡೆ ಸಾಲಿನ ನಡುವೆ ನಿಂತರೆ, ಕ್ಯಾಪ್ಟನ್ ತಾನಾಗಿಯೇ ಮುಂದಕ್ಕೆ ಹೋಗಿಬಿಟ್ಟಿದ್ದಳು.

“ಎದುರಾಳಿ ಆಟ ಒಂದು ಸಲ ನೋಡಿದ್ರೆ ನಿನಗೆ ಬಾಯಿಪಾಠ. ಇದೂ ಹಾಗೇನಾ?” ಎಂದು ನಕ್ಕಳು ಗೋಡೆ. ಕ್ಯಾಪ್ಟನ್ ನಗಲಿಲ್ಲ.

ಆ ತಂಡದಲ್ಲಿ ತನ್ನ ಪಕ್ಕ ಒಬ್ಬರು ಬಂದು ಕೂತದ್ದು ಅದೇ ಮೊದಲು. ಇವಳು ನಮ್ಮವಳಾಗುತ್ತಿದ್ದಾಳೆ ಎಂದು ಗೋಡೆ ಒಳಗೊಳಗೇ ಹಿಗ್ಗಿದ್ದಳು. ಆದ್ದರಿಂದಲೇ ಮ್ಯಾನೇಜರರ ಪ್ರಶ್ನೆಗೆ ಥಟ್ಟನೆ ಇಲ್ಲ ಅನ್ನಲು ಅವಳಿಗೆ ಆಗಲಿಲ್ಲ.

ಮ್ಯಾನೇಜರ್ ಕ್ಯಾಪ್ಟನ್ ಕಡೆ ತಿರುಗಿದರು. “ನೀನೇ ಹೇಳಮ್ಮ. ನೀನಾಗಿ ಹೋಗಿದ್ದಾ?”

“ಇಲ್ಲ ಸಾರ್.” ಕ್ಯಾಪ್ಟನ್ ತಲೆ ಎತ್ತಲಿಲ್ಲ. “ಕಾಲು ನೋವಲ್ಲಿ ಮನಸ್ಸು ಸೋತಿತ್ತು. ಇದನ್ನ ಹೇಳಿದ್ರೆ ವಾಸಿಯಾಗುತ್ತೆ ಅಂತ ಇವಳೇ ಬಲವಂತ ಮಾಡಿದ್ಳು.”

ಮ್ಯಾನೇಜರ್ ಕುರ್ಚಿಗೆ ಒರಗಿದರು. “ಒಂದು ದಾರಿ ಇದೆ. ಪತ್ರಿಕೆಯವರ ಮುಂದೆ ನೀನು ನಮ್ಮ ಧರ್ಮಕ್ಕೆ ಸೇರ್ಕೋ. ಫೈನಲ್‌ನಲ್ಲಿ ನೀನೇ ಗೋಲಲ್ಲಿ ನಿಲ್ತೀಯ. ಆಗಲ್ಲ ಅಂದ್ರೆ ಇವತ್ತೇ ಗಂಟುಮೂಟೆ ಕಟ್ಟು.”

ಗೋಡೆ ಬಾಯಿ ಬಿಟ್ಟರೆ ಕ್ಯಾಪ್ಟನ್ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಗ್ಗಿದ ಆ ತಲೆ ನೋಡಿ ಅವಳಿಗೆ ಸಿಟ್ಟಿಗಿಂತ ಮರುಕವೇ ಬಂತು. ಈಗಷ್ಟೇ ಅಂಬೆಗಾಲಿಡುತ್ತಿರುವ ನಂಬಿಕೆ, ಹೆದರಿದ್ದಾಳೆ ಪಾಪ ಅಂದುಕೊಂಡಳು.

“ಹೌದು ಸಾರ್, ನಾನೇ ಬಲವಂತ ಮಾಡಿದ್ದು. ಆದ್ರೆ ಸೇರೋದು ಮಾತ್ರ ಆಗಲ್ಲ.”

ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮತ್ತೆ ಯಾವ ತಂಡವೂ ಅವಳನ್ನು ಹತ್ತಿರ ಸೇರಿಸಲಿಲ್ಲ. ಅವಳ ಅಣ್ಣನ ಟೈಲರ್ ಅಂಗಡಿಯ ಗಾಜಿಗೆ ಕಲ್ಲು ಬಿತ್ತು. ಅಣ್ಣ ಚೂರು ಗುಡಿಸುತ್ತಾ, “ಚೆಂಡು ಹಿಡಿಯೋಳಿಗೆ ಬಾಯಿ ಹಿಡ್ಕೊಳ್ಳೋಕೆ ಆಗಲಿಲ್ವಾ?” ಅಂದ. ಅವಳು ಹೊಲಿಗೆ ಯಂತ್ರದ ಮೇಲಿನ ಗಾಜಿನ ಪುಡಿ ಒರೆಸಿದಳು. ಫೈನಲ್ ಗೆದ್ದದ್ದು ಕ್ಯಾಪ್ಟನ್ ಹೊಡೆದ ಗೋಲಿನಿಂದ. ಅದನ್ನು ಗೋಡೆ ನೋಡಲಿಲ್ಲ, ಬೀದಿಯ ಪಟಾಕಿ ಸದ್ದಿನಿಂದ ತಿಳಿದುಕೊಂಡಳು.

ಒಂದು ಮಧ್ಯಾಹ್ನ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಕ್ಯಾಪ್ಟನ್ ಅಂಗಡಿಗೇ ಬಂದಳು. ಹೊಡೆಯಲೆಂದು ಎತ್ತಿದ ಗೋಡೆಯ ಕೈ ಹಾಗೆಯೇ ನಿಂತಿತು. ಕ್ಯಾಪ್ಟನ್ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು.

“ಹೊಡಿ, ಆದ್ರೆ ಆಮೇಲೆ ಹೊಡಿ. ನಮ್ಮಮ್ಮನಿಗೆ ಕೊನೆಗಾಲ. ನಿನ್ನ ನೋಡಬೇಕಂತೆ.”

ಯಾರನ್ನೂ ಮನೆಗೆ ಕರೆದವಳಲ್ಲ ಕ್ಯಾಪ್ಟನ್. ಅಮ್ಮನಿಗೆ ಜನ ಅಂದ್ರೆ ಆಗಲ್ಲ ಅನ್ನುತ್ತಿದ್ದಳು. ಹಗಲಲ್ಲೂ ಪರದೆ ಎಳೆದಿದ್ದ ಕೋಣೆಯ ಮಂಚದ ಮೇಲೆ ತಾಯಿ ಮೂಳೆ ಚಕ್ಕಳವಾಗಿ ಮಲಗಿದ್ದಳು. ಕ್ಯಾಪ್ಟನ್ ಕಿಟಕಿಯನ್ನು ಇನ್ನೊಮ್ಮೆ ಭದ್ರಪಡಿಸಿ, ತಲೆದೆಸೆಯಲ್ಲಿ ಕೂತು, ಆ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಮೆಲ್ಲಗೆ ಹೇಳಿದಳು. ತಾಯಿಯ ತುಟಿಯೂ ಅಲುಗಿತು.

ಮಗಳು ತಾಯಿಯನ್ನೂ ಈ ಕಡೆಗೆ ಕರೆತಂದಿದ್ದಾಳಲ್ಲ ಎಂದು ಗೋಡೆಯ ಕಣ್ಣು ತುಂಬಿತು. ಕಳೆದುಕೊಂಡದ್ದೆಲ್ಲ ಆ ಗಳಿಗೆ ಹಗುರವೆನಿಸಿತು. ಬಾಗಿ ಆ ಮುದುಕಿಯ ಕೈ ಹಿಡಿದಳು.

“ತೊದಲು ಮಾತಾಡೋವಾಗಲೇ ಇವಳಿಗೆ ಇದನ್ನ ಕಲಿಸಿದ್ದೆ, ಮಗಳೇ,” ಅಂದಳು ತಾಯಿ. “ಆಟಕ್ಕೆ ಸೇರಿಸೋವಾಗ ಹೆಸರು ಬದಲಾಯಿಸಿ, ಹೊಡೆದು ಹೊಡೆದು ಮರೆಸಿದೆ. ಮರೆಸ್ತಾ ಮರೆಸ್ತಾ ನಾನೂ ಮರೆತುಬಿಟ್ಟೆ.”