ನಂಬಿದವರ ಧ್ವನಿ

ತನ್ನ ದೇಹವೇ ತನ್ನ ಥೈರಾಯ್ಡ್ ಗ್ರಂಥಿಯ ಮೇಲೆ ಎರಗದಂತೆ ವಾರಿಜಾ ಹತ್ತು ವರ್ಷ ತಾಯಿಯ ಧ್ವನಿ ತುಂಬಿದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದ್ದಳು. ಔಷಧಿ ಎಲ್ಲರಿಗೂ ಒಂದೇ. ಆದರೆ ರೋಗಿ ನಂಬಿದವರ ಧ್ವನಿಗೆ ಮಾತ್ರ ದೇಹ ಸುಮ್ಮನಾಗುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಗಂಡ ನಾಗಭೂಷಣ, “ನಾನಿದೀನಲ್ಲೇ” ಎಂದು ಆಸ್ಪತ್ರೆಗೆ ಬಂದು ತನ್ನ ಧ್ವನಿ ಕೊಟ್ಟಿದ್ದ.

ಮೂರು ತಿಂಗಳಾದ ಮೇಲೆ ಡಾಕ್ಟರು ರಕ್ತಪರೀಕ್ಷೆಯ ವರದಿ ನೋಡಿ ತಲೆ ಎತ್ತಲಿಲ್ಲ. “ಆಂಟಿಬಾಡಿ ದುಪ್ಪಟ್ಟಾಗಿದೆಯಮ್ಮ. ಇವರ ಧ್ವನಿ ಬೇಡ. ನಮ್ಮ ನರ್ಸಮ್ಮನ ಧ್ವನಿದು ಬರ್ಕೊಡ್ತೀನಿ.”

ಮದುವೆಯಾದಾಗಿನಿಂದ ಅವಳು ತಾಯಿಗೂ ಹೇಳದೆ ಮುಚ್ಚಿಟ್ಟಿದ್ದನ್ನು ರಕ್ತ ಹೇಳಿಬಿಟ್ಟಿತ್ತು. ವಾರಿಜಾ ಗಂಡನತ್ತ ನೋಡಲು ಹೆದರಿದಳು.

ಅವನು ಗಂಟಲು ಸರಿಮಾಡಿಕೊಂಡ.

“ಇನ್ನೊಂದ್ಸಲ ಕೊಡ್ಲಾ ಡಾಕ್ಟ್ರೇ? ಅವತ್ತು ಸ್ವಲ್ಪ ಜೋರಾಗಿ ಹೇಳ್ಬಿಟ್ಟೆ. ಇವಳ ಹತ್ರ ಮೆತ್ತಗೆ ಮಾತಾಡಿ ಅಭ್ಯಾಸ ಇಲ್ಲ.”